ಅರ್ಜಿ ತಿರಸ್ಕೃತವಾದ ಮೇಲೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ನೀವು ಕಿಟಕಿಯ ಪಕ್ಕಕ್ಕೆ ಕುಳಿತಿದ್ದೀರೆಂದು ಭಾವಿಸಿಕೊಳ್ಳಿ. ದಾರಿಯ ನಡುವೆ ಮಸ್ಕಿ ಬರುತ್ತದೆ. ಹತ್ತಿ, ಜೋಳ, ತೊಗರಿಗಳ ಸೀಮೆ ಮುಗಿದು ನೀರಾವರಿಯ ಹಸಿರು ಕಣ್ಣಿಗೆ ಬೀಳುವುದು ಅಲ್ಲಿಂದ ಮುಂದೆ. ಆ ಊರಿನ ಕಲ್ಲುಗುಡ್ಡದಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಚಿನ್ನವನ್ನು ಹುಡುಕುತ್ತ ಹೋಗಿ ಅಶೋಕನ ಶಾಸನವನ್ನು ಕಂಡುಹಿಡಿದ ಸಂಗತಿ ನಿಮಗೆ ತಿಳಿದೇ ಇದೆ. ಅಲ್ಲಿಯವರೆಗೆ ದೊರೆತಿದ್ದ ಬಂಡೆಗಲ್ಲುಗಳ ಮೇಲೆಲ್ಲ 'ದೇವಾನಾಂಪ್ರಿಯ' ಎಂಬ ಬಿರುದಿತ್ತೇ ಹೊರತು ಬಿರುದಿನ ಒಡೆಯನ ಹೆಸರಿರಲಿಲ್ಲ. ಸಿಂಹಳದ ಗ್ರಂಥಗಳನ್ನು ಹಿಡಿದು ವಿದ್ವಾಂಸರು ಅವನು ಅಶೋಕನೇ ಎಂದು ಹೇಳುತ್ತಿದ್ದರು. ಸಂಶಯಪಡುವವರಿಗೆ ತೋರಿಸಲು ಕಾಗದವಿರಲಿಲ್ಲ. ಮಸ್ಕಿಯ ಕಲ್ಲು ಆ ಕಾಗದವಾಯಿತು. ಅಷ್ಟು ದೊಡ್ಡ ಚಕ್ರವರ್ತಿಗೂ ತಾನು ಯಾರೆಂಬುದನ್ನು ರುಜುವಾತು ಮಾಡಲು ಎರಡು ಸಾವಿರ ವರ್ಷಗಳಿಗೆ ಮೀರಿ ಹಿಡಿಯಿತು!

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಅದೇ ಬಸ್ಸು ಸಿಂಧನೂರು ಮುಟ್ಟಿದ ಮೇಲೆ ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ನೀವು ಆರ್.ಎಚ್. ಕ್ಯಾಂಪುಗಳಿಗೆ ಹೋಗಬಹುದು. ನಮ್ಮ ಕಡೆ 'ಕ್ಯಾಂಪು' ಎಂದರೆ ಸಾಮಾನ್ಯವಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಕೃಷ್ಣಾ, ಗೋದಾವರಿ ಜಿಲ್ಲೆಗಳಿಂದ ಬಂದು ಭತ್ತ ಬೆಳೆದ ಆಂಧ್ರ ರೈತರ ವಸತಿ. ಈ ಕ್ಯಾಂಪುಗಳು ಬೇರೆ. ಒಂದು, ಎರಡು, ಮೂರು ಎಂದು ಅಂಕಿಗಳೇ ಇವುಗಳ ಹೆಸರು, 'ಆರ್.ಎಚ್.' ಎಂಬುದು ಪುನರ್ವಸತಿಯೆಂಬ ಅರ್ಥದ ಇಂಗ್ಲಿಷ್ ಮಾತಿನ ಮೊಟಕು. ಇಲ್ಲಿಯ ಅಂಗಳದಲ್ಲಿ ಬಂಗಾಳಿ ಮಾತು ಕೇಳುತ್ತದೆ. ಊಟದಲ್ಲಿ ಮೀನು ಉಂಟು, ನವರಾತ್ರಿಯಲ್ಲಿ ದುರ್ಗೆಯ ಮೂರ್ತಿ ಕೂಡುತ್ತದೆ. ಹುಡುಗರು ಮಾತ್ರ ನಮ್ಮ ರಾಯಚೂರು ಸೀಮೆಯ ಕನ್ನಡವನ್ನು ನಮ್ಮಂತೆಯೇ ಎಳೆದು ಆಡುತ್ತಾರೆ.

ಈ ಜನ ಪೂರ್ವ ಬಂಗಾಳದವರು. ಬಹುಮಟ್ಟಿಗೆ ನಾಮಶೂದ್ರ ರೈತರು. ದೇಶ ಒಡೆದಾಗಲೇ ಹೊರಟವರಲ್ಲ. ಹೊಲಮನೆಗಳನ್ನು ಬಿಡಲಾರದೆ ನಿಂತವರು. 1963ರ ಡಿಸೆಂಬರಿನಲ್ಲಿ ಕಾಶ್ಮೀರದ ಹಜರತ್‌ಬಲ್ ಮಸೀದಿಯಿಂದ ಪವಿತ್ರ ಕೇಶವೊಂದು ಕಾಣೆಯಾಯಿತು. ಎಲ್ಲಿಯ ಕಾಶ್ಮೀರ, ಎಲ್ಲಿಯ ಖುಲ್ನಾ! ಆದರೂ 1964ರ ಜನವರಿಯಲ್ಲಿ ಖುಲ್ನಾ ಸೀಮೆಯಲ್ಲಿ ಗಲಭೆಯೆದ್ದು, ಅಷ್ಟುಕಾಲ ತಾಳಿಕೊಂಡಿದ್ದವರೂ ಗಡಿ ದಾಟಿದರು. ಬಂಗಾಳದಲ್ಲಿ ಜಾಗವಿರಲಿಲ್ಲ. ರಾಯಪುರದ ಹತ್ತಿರದ ಮಾನಾ ಶಿಬಿರದಲ್ಲಿ ಇಂಥವರನ್ನು ಇಟ್ಟು, ದಂಡಕಾರಣ್ಯಕ್ಕಷ್ಟು, ಬೇರೆ ರಾಜ್ಯಗಳಿಗಿಷ್ಟು ಎಂದು ಹಂಚಲಾಯಿತು. ಆಗ ಇನ್ನೂ ಮೈಸೂರು ಎಂದೇ ಹೆಸರಿದ್ದ ನಮ್ಮ ರಾಜ್ಯದ ಪಾಲಿಗೆ ಬಂದ ನೂರಾರು ಕುಟುಂಬಗಳಿಗೆ, 1970ರ ಆಚೀಚೆ, ಸಿಂಧನೂರು ತಾಲೂಕಿನಲ್ಲಿ ಜಮೀನು ಕೊಟ್ಟು ಮನೆ ಕಟ್ಟಿಸಲಾಯಿತು. ನದಿಯ ಬಾಯಲ್ಲಿ ಬೆಳೆದವರಿಗೆ ಎರೆಭೂಮಿಯ ಬಿಸಿಲು ದೊರೆಯಿತು.

ನಮ್ಮ ಹಿರಿಯರಿಗೆ ಈ ಅನುಭವ ಅಪರಿಚಿತವಾದುದಲ್ಲ. ಸಿಂಧನೂರು, ಲಿಂಗಸುಗೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1947–48ರ ರಜಾಕಾರರ ಹಾವಳಿಯ ದಿನಗಳಲ್ಲಿ, ಗಡಿಯ ಊರುಗಳ ಜನ ಮಕ್ಕಳುಮರಿಗಳೊಂದಿಗೆ ತುಂಗಭದ್ರೆಯನ್ನು ದಾಟಿ ಬಳ್ಳಾರಿ ಸೀಮೆಗೋ, ಗಜೇಂದ್ರಗಡ ಮುಂಡರಗಿಗಳ ಶಿಬಿರಗಳಿಗೋ ಓಡಿಹೋಗಿದ್ದರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಅವರು ಮರಳಿದರು. ಮರಳಲು ಅವರಿಗೆ ಊರು ಉಳಿದಿತ್ತು. ಅವರು ದಾಟಿದ ನದಿಯ ಆಚೆ ದಡವೂ ಈಚೆ ದಡವೂ ಮುಂದೆ ಒಂದೇ ದೇಶವಾದುದರಿಂದ, 'ನೀನು ಯಾವ ದೇಶದವನು' ಎಂದು ಯಾರೂ ಅವರನ್ನು ಕೇಳಲಿಲ್ಲ.

ಪೂರ್ವ ಬಂಗಾಳದವರನ್ನು ಕೇಳಿದರು. ಕೇಳುವವರು ತಾರೀಖುಗಳ ಗೆರೆ ಎಳೆದುಕೊಂಡಿದ್ದರು. 1958ರ ಮಾರ್ಚಿ ಕೊನೆಯೊಳಗೆ ಬಂದವರು 'ಹಳೆಯ ವಲಸೆಗಾರರು'. 1964ರ ಜನವರಿ 1ರಿಂದ 1971ರ ಮಾರ್ಚಿ 25ರವರೆಗೆ ಬಂದವರು 'ಹೊಸ ವಲಸೆಗಾರರು'. ಈ ನಡುವೆ ಬಂದವರಿಗೆ ಪುನರ್ವಸತಿಯ ಹಕ್ಕೇ ಇಲ್ಲ. 1971ರ ಮಾರ್ಚಿಯ ನಂತರ ಬಂದ ಸುಮಾರು ಒಂದು ಕೋಟಿ ಜನ ಅತಿಥಿಗಳೆಂದೂ, ಯುದ್ಧ ಮುಗಿದ ಮೇಲೆ ತಿರುಗಿ ಹೋಗತಕ್ಕವರೆಂದೂ ನಿರ್ಧಾರವಾಯಿತು. ಬಹುತೇಕರು 1972ರಲ್ಲಿ ಹೋದರು ಕೂಡ. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಆ ಕಾಲದ ಕಾಗದಗಳಿದ್ದರೆ ತೆಗೆದು ನೋಡಿ. ಮಾಮೂಲಿನ ಸ್ಟಾಂಪಿನ ಪಕ್ಕದಲ್ಲಿ ಐದು ಪೈಸೆಯ ಇನ್ನೊಂದು ಪುಟ್ಟ ಸ್ಟಾಂಪು ಕಾಣುತ್ತದೆ. ಅದು ನಿರಾಶ್ರಿತರ ಪರಿಹಾರದ ತೆರಿಗೆ. 1971ರ ನವೆಂಬರ್ 15ರಿಂದ 1973ರ ಮಾರ್ಚಿ ಕೊನೆಯವರೆಗೆ, ಮದುವೆಯ ಕರೆಯೋಲೆಗೂ ಸಾವಿನ ಸುದ್ದಿಗೂ ಅದನ್ನು ಅಂಟಿಸಬೇಕಾಗಿತ್ತು. ಗಡಿಯನ್ನು ನೋಡದ ನಮ್ಮ ಅಜ್ಜಿಯರೂ ಈ ಕಥೆಗೆ ಐದೈದು ಪೈಸೆ ತೆತ್ತವರೇ.

ಗೆರೆಗಳು ಸರಿ, ಮನುಷ್ಯರು ಗೆರೆಗೆ ಸರಿಯಾಗಿ ಬರಲಿಲ್ಲ. ಸಿಂಧನೂರಿನಲ್ಲಿ ಅಣ್ಣ ನೆಲೆಯೂರಿದ್ದಾನೆಂದು ತಿಳಿದು, ಹತ್ತು ಹನ್ನೆರಡು ವರ್ಷಗಳ ಮೇಲೆ ತಮ್ಮ ಬಂದ. ಸೋದರಮಾವ ಬಂದ, ವಿಧವೆಯಾದ ಅತ್ತೆ ಬಂದಳು. ಇವರಿಗೆ ಜಮೀನಿಲ್ಲ, ಪುನರ್ವಸತಿಯ ಚೀಟಿಯಿಲ್ಲ. ಕೂಲಿ ಇತ್ತು, ನೆಂಟರ ಸೂರಿತ್ತು. ನಮ್ಮ ಪ್ರಸಂಗ ಮೊದಲಾಗುವುದು ಈ ಎರಡನೆಯ ಸಾಲಿನ ಜನರಿಂದ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡಹೆಂಡಿರು 1983ರಲ್ಲಿ ಕಾಗದಪತ್ರಗಳಿಲ್ಲದೆ ಬಂದರು. 1985ರಲ್ಲಿ ಇಲ್ಲಿ ಮಗ ಹುಟ್ಟಿದ. 1989ರಲ್ಲಿ ಮಗಳು ಹುಟ್ಟಿದಳು. 1955ರ ಪೌರತ್ವ ಅಧಿನಿಯಮದ ಮೂರನೆಯ ಕಲಂ ಹೇಳುವಂತೆ, 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದ ಮಗು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಹುಟ್ಟಿನಿಂದಲೇ ಭಾರತದ ಪ್ರಜೆ. ತಂದೆತಾಯಿ ಯಾರೆಂದು ಕೇಳುವಂತಿಲ್ಲ. ಆ ತಾರೀಖಿನಿಂದ ಮುಂದೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೆ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು 'ಅಕ್ರಮ ವಲಸೆಗಾರ' ಆಗಿರಬಾರದು. ಹೀಗಾಗಿ ನಮ್ಮ ಊಹೆಯ ಮನೆಯಲ್ಲಿ ಅಣ್ಣ ಪ್ರಜೆ, ತಂಗಿ ಪರದೇಶಿ. ಒಂದೇ ತೊಟ್ಟಿಲು, ಒಂದೇ ಶಾಲೆ, ಒಂದೇ ರೇಷನ್ ಅಂಗಡಿ.

ತಂದೆಯ ಗತಿ? ಅವನು ಅವಿಭಕ್ತ ಭಾರತದಲ್ಲಿ ಹುಟ್ಟಿದವನಾಗಿದ್ದರೆ, ಅಥವಾ ಅವನ ತಂದೆತಾಯಿ ಹಾಗೆ ಹುಟ್ಟಿದವರಾಗಿದ್ದರೆ, ಭಾರತೀಯ ಮೂಲದವನೆಂದು ಕಲೆಕ್ಟರರ ಮುಂದೆ ನೋಂದಣಿ ಮಾಡಿಸಿಕೊಳ್ಳುವ ದಾರಿ ಒಂದು ಕಾಲಕ್ಕೆ ಇತ್ತು. 2003ರ ತಿದ್ದುಪಡಿ, ಸರಿಯಾದ ಕಾಗದವಿಲ್ಲದೆ ಒಳಬಂದವನನ್ನು 'ಅಕ್ರಮ ವಲಸೆಗಾರ'ನೆಂದು ಕರೆದು ಆ ದಾರಿಗೆ ಬೇಲಿ ಹಾಕಿತು. ಬೇಲಿ ಬೀಳುವುದಕ್ಕೆ ಮೊದಲು ಎಷ್ಟು ಮಂದಿ ಅರ್ಜಿ ಕೊಡಬಹುದಾಗಿತ್ತು, ಆದರೂ ಕೊಡಲಿಲ್ಲ! ಓದು ಬಾರದವರಿಗೆ ಕಾನೂನಿನ ಕಿಟಕಿ ತೆರೆದಿರುವುದೂ ಗೊತ್ತಾಗುವುದಿಲ್ಲ, ಮುಚ್ಚಿದ್ದೂ ಗೊತ್ತಾಗುವುದಿಲ್ಲ.

ಇನ್ನು ಕೊಟ್ಟ ಅರ್ಜಿ ತಿರಸ್ಕೃತವಾದರೆ? ಈ ಪ್ರಶ್ನೆಗಾಗಿಯೇ ನಾನು ಈ ಲೇಖನವನ್ನು ಬರೆಯಲು ಹೊರಟದ್ದು.

ಪೌರತ್ವ ಅಧಿನಿಯಮದ 14ನೆಯ ಕಲಂ ಓದಿದರೆ ಎದೆ ತಣ್ಣಗಾಗುತ್ತದೆ. ಅರ್ಜಿಯನ್ನು ಒಪ್ಪುವುದೂ ಬಿಡುವುದೂ ಅಧಿಕಾರಿಯ ವಿವೇಚನೆ; ಕಾರಣ ಹೇಳಬೇಕಾದುದಿಲ್ಲ; ಯಾವ ನ್ಯಾಯಾಲಯದಲ್ಲೂ ಅದನ್ನು ಪ್ರಶ್ನಿಸಕೂಡದು. ಮೂವತ್ತು ದಿನಗಳೊಳಗೆ ಕೇಂದ್ರ ಸರ್ಕಾರಕ್ಕೆ ಪುನರ್ವಿಮರ್ಶೆಯ ಅರ್ಜಿ ಕೊಡಬಹುದೆಂದು 15ನೆಯ ಕಲಂ ಹೇಳುತ್ತದೆ. ಅಲ್ಲಿಗೆ ಮುಗಿಯಿತು ಎಂದು ಯಾರಿಗಾದರೂ ಅನ್ನಿಸಬೇಕು. ನಿರಾಶ್ರಿತನೆಂಬ ಹೆಸರಿನಲ್ಲಿ ರಕ್ಷಣೆ ಕೇಳೋಣವೆಂದರೆ, ನಮ್ಮ ದೇಶದಲ್ಲಿ ಅದಕ್ಕೊಂದು ಕಾಯಿದೆಯೇ ಇಲ್ಲ. 1951ರ ಜಿನೀವಾ ಒಡಂಬಡಿಕೆಗೆ ಭಾರತ ರುಜು ಹಾಕಿಲ್ಲ. ಕಾನೂನಿನ ಕಣ್ಣಿಗೆ ನಿರಾಶ್ರಿತನೂ ಪ್ರವಾಸಿಯೂ ಒಂದೇ, ಇಬ್ಬರೂ ವಿದೇಶೀಯರು. 1955ರಲ್ಲಿ ಹಾನ್ಸ್ ಮುಲ್ಲರ್ ಎಂಬ ಜರ್ಮನನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವಿದೇಶೀಯನನ್ನು ಹೊರಗೆ ಕಳಿಸುವ ಸರ್ಕಾರದ ಅಧಿಕಾರಕ್ಕೆ ಕಟ್ಟುಪಾಡಿಲ್ಲವೆಂದು ಹೇಳಿತ್ತು.

ಆದರೆ ಕಾಯಿದೆಗಿಂತ ಸಂವಿಧಾನ ದೊಡ್ಡದು. ಅದರ 226ನೆಯ ವಿಧಿಯು ಹೈಕೋರ್ಟಿಗೆ ರಿಟ್ ಹೊರಡಿಸುವ ಅಧಿಕಾರವನ್ನು ಕೊಟ್ಟಿದೆ. ಶಾಸನಸಭೆಯ ಸಾಧಾರಣ ಕಾಯಿದೆ ಆ ಬಾಗಿಲನ್ನು ಮುಚ್ಚಲಾರದು. 1997ರಲ್ಲಿ ಚಂದ್ರಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಈ ಅಧಿಕಾರವು ಸಂವಿಧಾನದ ಮೂಲರಚನೆಗೇ ಸೇರಿದ್ದೆಂದು ಸಾರಿತು. ಹೈಕೋರ್ಟು ಇಲ್ಲಿ ಮಾಡುವ ಕೆಲಸವನ್ನು ನಾವು ಸರಿಯಾಗಿ ತಿಳಿಯಬೇಕು. ಅದು ಕಲೆಕ್ಟರರ ಕುರ್ಚಿಯಲ್ಲಿ ಕುಳಿತು ಪೌರತ್ವ ಕೊಡುವುದಿಲ್ಲ. ಅಧಿಕಾರಿಯು ತನಗಿದ್ದ ಅಧಿಕಾರದೊಳಗೇ ನಡೆದನೆ? ಅರ್ಜಿದಾರನ ಮಾತನ್ನು ಕೇಳಿದನೆ? ಇದ್ದ ದಾಖಲೆಯನ್ನು ನೋಡಿದನೆ? ಕಾನೂನನ್ನು ತಪ್ಪಾಗಿ ಓದಿದನೆ? ಇಷ್ಟನ್ನು ಕೇಳಿ, ತಪ್ಪಿದ್ದರೆ ಆಜ್ಞೆಯನ್ನು ರದ್ದುಮಾಡಿ 'ತಿರುಗಿ ನೋಡು' ಎಂದು ಕಳಿಸುತ್ತದೆ. ಹಿಟ್ಟು ನುಣ್ಣಗೆ ಬಂದಿಲ್ಲವೆಂದು ಗಿರಣಿಯವನಿಗೆ ಮರಳಿಸಿದ ಹಾಗೆ. ಬೀಸುವವನು ಮತ್ತೆ ಅವನೇ.

ಇದರ ಬಲವೂ ಮಿತಿಯೂ ಒಟ್ಟಿಗೆ ಕಾಣುವುದು ಚಕ್ಮಾ ಜನರ ಮೊಕದ್ದಮೆಯಲ್ಲಿ. ಅವರು ಚಿತ್ತಗಾಂಗ್ ಬೆಟ್ಟಸೀಮೆಯ ಬೌದ್ಧರು. ಕರ್ಣಫುಲಿ ನದಿಗೆ ಕಾಪ್ತಾಯಿಯಲ್ಲಿ ಅಣೆಕಟ್ಟು ಕಟ್ಟಿದಾಗ ಅವರ ಗದ್ದೆಗಳು ಮುಳುಗಿದವು. (ನೋಡಿ, ಒಂದು ಅಣೆಕಟ್ಟು ಅವರನ್ನು ಓಡಿಸಿತು, ಇನ್ನೊಂದು ಅಣೆಕಟ್ಟು, ನಮ್ಮ ತುಂಗಭದ್ರೆಯದು, ಅವರ ನೆರೆನಾಡಿನವರಿಗೆ ನೆಲೆ ಕೊಟ್ಟಿತು.) 1964ರಿಂದೀಚೆಗೆ ಅವರನ್ನು ಈಗಿನ ಅರುಣಾಚಲ ಪ್ರದೇಶದಲ್ಲಿ ನಮ್ಮ ಸರ್ಕಾರವೇ ಕೂರಿಸಿತು. ಮೂವತ್ತು ವರ್ಷಗಳ ಮೇಲೆ ಅಲ್ಲಿಯ ವಿದ್ಯಾರ್ಥಿ ಸಂಘಟನೆಯವರು 'ಜಾಗ ಬಿಡಿ' ಎಂದು ಗಡುವು ಹಾಕಿದರು. ಪೌರತ್ವಕ್ಕಾಗಿ ಅವರು ಕೊಟ್ಟ ಅರ್ಜಿಗಳನ್ನು ಸ್ಥಳೀಯ ಅಧಿಕಾರಿಗಳು ದೆಹಲಿಗೆ ಕಳಿಸದೆ ತಮ್ಮಲ್ಲೇ ಇಟ್ಟುಕೊಂಡರು, ಅಥವಾ ತಾವೇ ತಳ್ಳಿಹಾಕಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸುಪ್ರೀಂ ಕೋರ್ಟಿಗೆ ಹೋಯಿತು.

1996ರ ಜನವರಿ 9ರಂದು ಮುಖ್ಯ ನ್ಯಾಯಮೂರ್ತಿ ಅಹ್ಮದಿಯವರು ತೀರ್ಪು ಕೊಟ್ಟರು. ಸಂವಿಧಾನದ 21ನೆಯ ವಿಧಿಯಲ್ಲಿ ಪ್ರಾಣ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಹೇಳಿರುವುದು 'ವ್ಯಕ್ತಿ'ಗೆ, ಪ್ರಜೆಗೆ ಮಾತ್ರವಲ್ಲ; ಆದಕಾರಣ ಚಕ್ಮಾ ಜನರನ್ನು ಬೆದರಿಸಿ ಓಡಿಸದಂತೆ ನೋಡಿಕೊಳ್ಳುವುದು ರಾಜ್ಯದ ಕರ್ತವ್ಯ. ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ಅರ್ಜಿಯನ್ನು ವಿಚಾರಿಸಿ ಮೇಲಕ್ಕೆ ಕಳಿಸುವುದಷ್ಟೆ ಜಿಲ್ಲೆಯ ಅಧಿಕಾರಿಯ ಕೆಲಸ; ತೀರ್ಮಾನ ಕೇಂದ್ರದ್ದು; ನಡುವೆ ತಡೆದು ಕೂರಲು ಅವನಿಗೆ ಅಧಿಕಾರವಿಲ್ಲ. ತೀರ್ಮಾನವಾಗುವವರೆಗೆ ಅರ್ಜಿದಾರನನ್ನು ಎಬ್ಬಿಸಕೂಡದು.

ಎಂಥ ತೀರ್ಪು ಎಂದು ನೀವು ತಲೆದೂಗುವ ಮೊದಲು ಮುಂದಿನದನ್ನೂ ಕೇಳಿ. 2015ರ ಸೆಪ್ಟೆಂಬರಿನಲ್ಲಿ ಅದೇ ಜನ ಅದೇ ಕೋರ್ಟಿನಲ್ಲಿ ಮತ್ತೆ ನಿಂತಿದ್ದರು. ಮೂರು ತಿಂಗಳಲ್ಲಿ ಪೌರತ್ವದ ವಿಷಯವನ್ನು ಮುಗಿಸಿರೆಂದು ಕೋರ್ಟು ಮತ್ತೆ ಹೇಳಬೇಕಾಯಿತು. ನಡುವೆ ಹತ್ತೊಂಬತ್ತು ವರ್ಷಗಳು! ಮೊದಲ ತೀರ್ಪಿನ ದಿನ ಹುಟ್ಟಿದ ಕೂಸು ಎರಡನೆಯ ತೀರ್ಪಿನ ಹೊತ್ತಿಗೆ ಕಾಲೇಜು ಸೇರುವ ವಯಸ್ಸಾಗಿತ್ತು.

ನಮ್ಮ ರಾಜ್ಯದ ಹೈಕೋರ್ಟಿನ ಮುಂದೆಯೂ ಇದೇ ಜಾತಿಯ ಪ್ರಶ್ನೆ ಬಂದಿತ್ತು, ಬಂಗಾಳಿಗಳದಲ್ಲ, ಟಿಬೆಟಿಯರದು. ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟಿ ವಸತಿಗಳು ನಿಮಗೆ ಪರಿಚಿತವೇ. 1985ರಲ್ಲಿ ಭಾರತದಲ್ಲೇ ಹುಟ್ಟಿದ ಲಿಂಗ್ ರಿನ್‌ಪೋಚೆ ಎಂಬ ಟಿಬೆಟಿ ಗುರುವನ್ನು ಸರ್ಕಾರ ಪ್ರಜೆಯೆಂದು ಒಪ್ಪಲಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟು ಮೂರನೆಯ ಕಲಮನ್ನು ಅದರ ಅಕ್ಷರಕ್ಕೆ ಸರಿಯಾಗಿ ಓದಿತು. 1950 ಮತ್ತು 1987ರ ಆ ಎರಡು ತಾರೀಖುಗಳ ನಡುವೆ ಇಲ್ಲಿ ಹುಟ್ಟಿದವನು ಹುಟ್ಟಿನಿಂದ ಪ್ರಜೆ. ಅವನು ಅರ್ಜಿ ಹಾಕಿ ಬೇಡಬೇಕಾದುದೇ ಇಲ್ಲ. ದೆಹಲಿಯ ಹೈಕೋರ್ಟು 2010ರಲ್ಲೇ ಇಂಥದೇ ಮಾತನ್ನು ಒಬ್ಬ ಟಿಬೆಟಿ ಯುವತಿಯ ಪಾಸ್‌ಪೋರ್ಟ್ ವಿಷಯದಲ್ಲಿ ಹೇಳಿತ್ತು. ನಮ್ಮ ಊಹೆಯ ಮನೆಯ ಮಗನಿಗೆ, 1985ರಲ್ಲಿ ಸಿಂಧನೂರಿನಲ್ಲಿ ಹುಟ್ಟಿದವನಿಗೆ, ಈ ಓದಿಗಿಂತ ದೊಡ್ಡ ಆಸ್ತಿಯಿಲ್ಲ. ಅವನ ತಂಗಿಗೆ ಅದು ಎರಡು ವರ್ಷಗಳಿಂದ ತಪ್ಪಿಹೋಯಿತು.

ಬೇರೆ ದೇಶಗಳಲ್ಲಿ ಹೇಗೆ? ಕೆನಡಾದ ಮಾತು ಹೇಳುತ್ತೇನೆ, ಏಕೆಂದರೆ ಅಲ್ಲಿ ಈ ದಾರಿಯನ್ನು ತೆರೆಸಿದವರು ಬಹುಮಟ್ಟಿಗೆ ನಮ್ಮ ಪಂಜಾಬದ ಸಿಖ್ಖರು. ಅವರ ಆಶ್ರಯದ ಬೇಡಿಕೆಯನ್ನು ಕಾಗದದ ಮೇಲೆ ಮಾತ್ರ ನೋಡಿ ತಳ್ಳಿಹಾಕಲಾಗಿತ್ತು. ಒಬ್ಬ ಮನುಷ್ಯ ನಿಜ ಹೇಳುತ್ತಾನೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿರುವಾಗ ಅವನ ಮುಖ ನೋಡದೆ, ಬಾಯಿ ಮಾತು ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲವೆಂದು 1985ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಹೇಳಿತು. 1989ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಮಂಡಲಿ ಏರ್ಪಟ್ಟಿತು. ಅಲ್ಲಿ ತಿರಸ್ಕೃತನಾದವನಿಗೆ ಕಾರಣ ಬರೆದ ತೀರ್ಪು ಕೈಗೆ ಸಿಗುತ್ತದೆ. ಮುಂದಿನ ಕೋರ್ಟು ಆ ಕಾರಣ ಸಮಂಜಸವೇ ಎಂದು ತೂಗಿ ನೋಡುತ್ತದೆ. ಕಾರಣವೇ ಬರೆಯದಿದ್ದರೆ ತೂಗುವುದೇನನ್ನು? ನಮ್ಮ 14ನೆಯ ಕಲಮಿನ ದೊಡ್ಡ ಕೊರತೆ ಇದೆಂದು ನನ್ನ ಅಭಿಪ್ರಾಯ. ಅಧಿಕಾರಿಯ ವಿವೇಚನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಗಡಿಯಿರುವ ದೇಶಕ್ಕೆ ಬಾಗಿಲೂ ಬೇಕು, ಕಾವಲೂ ಬೇಕು. ಆದರೆ ನಲವತ್ತು ವರ್ಷ ಇಲ್ಲಿ ಭತ್ತ ನೆಟ್ಟವನಿಗೆ 'ಇಲ್ಲ' ಎನ್ನುವಾಗ ಏಕೆ ಎಂದು ಎರಡು ಸಾಲು ಬರೆಯಲು ಏನು ಕಷ್ಟ?

ಎಲ್ಲ ತೀರ್ಪುಗಳೂ ಒಂದೇ ಕಡೆಗೆ ವಾಲುತ್ತವೆಂದು ತಿಳಿಯಬೇಡಿ. ಪ್ರಾಣಭಯವಿರುವ ಕಡೆಗೆ ಯಾರನ್ನೂ ಮರಳಿ ಅಟ್ಟಬಾರದೆಂಬ ತತ್ತ್ವವು 21ನೆಯ ವಿಧಿಯೊಳಗೇ ಇದೆಯೆಂದು ಗುಜರಾತಿನ ಹೈಕೋರ್ಟು ಇರಾಕಿನ ಇಬ್ಬರು ನಿರಾಶ್ರಿತರ ವಿಷಯದಲ್ಲಿ 1998ರಲ್ಲಿ ಹೇಳಿತ್ತು. 2021ರ ಏಪ್ರಿಲಿನಲ್ಲಿ ಜಮ್ಮುವಿನ ರೊಹಿಂಗ್ಯಾ ಜನರ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ಬೇರೆ ದನಿಯಲ್ಲಿ ಮಾತಾಡಿತು. 14, 21ನೆಯ ವಿಧಿಗಳು ಎಲ್ಲರಿಗೂ ಉಂಟು. ಆದರೆ ಗಡೀಪಾರಾಗದಿರುವ ಹಕ್ಕು ಈ ದೇಶದಲ್ಲಿ ನೆಲೆಸುವ ಹಕ್ಕಿನ ಜೊತೆಗಾರ, ಅದು ಪ್ರಜೆಗಳಿಗೆ ಮಾತ್ರ. ವಿಧಿಬದ್ಧವಾದ ಕ್ರಮವನ್ನು ಅನುಸರಿಸದೆ ಕಳಿಸಬೇಡಿ ಎಂದಷ್ಟೇ ಅದು ಕಟ್ಟು ಹಾಕಿತು.

ಸಿಂಧನೂರಿನವರ ಪಾಲಿಗೆ ದಾರಿ ತೆರೆದದ್ದು ಕೋರ್ಟಿನಿಂದಲ್ಲ, ಸಂಸತ್ತಿನಿಂದ. 2019ರ ತಿದ್ದುಪಡಿ ಅಧಿನಿಯಮವು, ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರಸಿ, ಕ್ರೈಸ್ತರನ್ನು 'ಅಕ್ರಮ ವಲಸೆಗಾರ' ಎಂಬ ಮಾತಿನಿಂದ ಬಿಡಿಸಿತು. ಮುಸಲ್ಮಾನರನ್ನು ಬಿಟ್ಟುದು ಸಂವಿಧಾನದ ಸಮಾನತೆಗೆ ಒಪ್ಪುವುದೇ ಎಂದು ಪ್ರಶ್ನಿಸಿ ನೂರಾರು ಅರ್ಜಿಗಳು ಸುಪ್ರೀಂ ಕೋರ್ಟನ್ನು ಮುಟ್ಟಿದವು. ಆ ತಕರಾರು ಹಗುರವಾದುದಲ್ಲ. ನಿಯಮಗಳು ಹೊರಬಂದದ್ದು 2024ರ ಮಾರ್ಚಿ 11ರಂದು. ಅದೇ ವರ್ಷದ ಆಗಸ್ಟಿನಲ್ಲಿ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಪೌರತ್ವ ಸಿಕ್ಕಿತೆಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ಐವರೇ ಏಕೆ? ಇಲ್ಲೊಂದು ವಿಚಿತ್ರವಿದೆ. ಹೊಸ ನಿಯಮದ ಪ್ರಕಾರ ಅರ್ಜಿದಾರನು ತಾನು ಬಾಂಗ್ಲಾದೇಶದವನೆಂದು ಮೊದಲು ರುಜುವಾತು ಪಡಿಸಬೇಕು: ಅಲ್ಲಿಯ ಶಾಲೆಯ ಸರ್ಟಿಫಿಕೇಟು, ಜಮೀನಿನ ಪತ್ರ, ಜನನದ ದಾಖಲೆ, ಹೀಗೆ ಏನಾದರೊಂದು. ಯಾವ ಗುರುತನ್ನು ಪೊಲೀಸರ ಭಯದಿಂದ ನಲವತ್ತು ವರ್ಷ ಮುಚ್ಚಿಟ್ಟುಕೊಂಡನೋ, ಮಳೆಯಲ್ಲೋ ಒಲೆಯಲ್ಲೋ ಕಳೆದುಕೊಂಡನೋ, ಅದನ್ನೇ ಈಗ ತಾನಾಗಿ ತಂದು ಮೇಜಿನ ಮೇಲಿಡಬೇಕು. ತಂದೆ, ಅಜ್ಜ, ಮುತ್ತಜ್ಜರ ಕಾಗದವಾದರೂ ಆದೀತೆಂದು ಆಮೇಲೆ ಸಡಿಲಿಸಲಾಯಿತು. ಇಟ್ಟರೆ ಪ್ರಜೆಯಾಗಬಹುದು, ಇಟ್ಟ ಮೇಲೆ ಅರ್ಜಿ ಬಿದ್ದರೆ, ತಾನು ವಿದೇಶೀಯನೆಂದು ತನ್ನ ಕೈಯಾರೆ ಬರೆದುಕೊಟ್ಟಂತಾಗುವುದಿಲ್ಲವೆ? ಈ ಅಂಜಿಕೆಯನ್ನು ಬುದ್ಧಿಗೇಡಿತನವೆಂದು ನಾನು ಹೇಳಲಾರೆ.

ಹಾಗೆ ಬಿದ್ದವನು ಕೋರ್ಟಿಗೆ ಹೋಗಬೇಕಾದರೆ ಎಲ್ಲಿಗೆ ಹೋಗಬೇಕು? ರಾಯಚೂರು ಜಿಲ್ಲೆಯವರು ಹಿಂದೆ ರಿಟ್ ಅರ್ಜಿಗಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಾಗಿತ್ತು. 2008ರ ಜುಲೈಯಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಕಾಯಂ ಆಯಿತು. ಸಿಂಧನೂರಿನಿಂದ ಬೆಳಗಿನ ಬಸ್ಸು ಹತ್ತಿದರೆ ಮಸ್ಕಿ, ಲಿಂಗಸುಗೂರುಗಳ ಮೇಲೆ ಹಾದು ಕೃಷ್ಣೆಯನ್ನು ದಾಟಿ ಕಲಬುರಗಿ ಸೇರಬಹುದು. ತಿರಸ್ಕಾರದ ಆಜ್ಞೆಯ ಪ್ರತಿ, ಅದು ಕೈಗೆ ಬಂದ ದಿನದ ಗುರುತು, ಕೊಟ್ಟ ಅರ್ಜಿಯ ರಸೀದಿ, ಮಕ್ಕಳ ಜನನ ಪತ್ರಗಳು, ಶಾಲೆಯ ದಾಖಲಾತಿ: ಇಷ್ಟನ್ನು ಕಟ್ಟಿಕೊಂಡು ಹೋಗಬೇಕು. ಕೈಯಲ್ಲಿ ಹಣವಿಲ್ಲದವರು ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ನೆರವಿನ ಸಮಿತಿಯನ್ನು ಮೊದಲು ಕಾಣಬಹುದು.

ಆ ಬಸ್ಸು ಮಸ್ಕಿಯಲ್ಲಿ ಐದು ನಿಮಿಷ ನಿಲ್ಲುತ್ತದೆ. ಜನ ಇಳಿದು ಚಹಾ ಕುಡಿಯುತ್ತಾರೆ. ಕಾಗದದ ಚೀಲವಿರುವವನು ಇಳಿಯುವುದಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಳಗೇ ಕುಳಿತಿರುತ್ತಾನೆ.